ತಾತನ ಎಡೆಗೆ ಸಿಹಿ ಇಡುವುದಿಲ್ಲ

ಹೋದ ವಾರ ಸಾಲಿಗ್ರಾಮಕ್ಕೆ ಮದುವೆಗೆ ಹೋಗುವಾಗ ನಾನು ಬಸ್ಸಿನ ಕಿಟಕಿ ಮುಚ್ಚಿದೆ. ಹರ್ಷಿ, ನೀನು ಕೋಪ ಮಾಡಿಕೊಂಡೆ. ರಸ್ತೆ ಪಕ್ಕದ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು. ಮುಂದಿನ ಸೀಟಿನ ಹೆಂಗಸರು ಮೂಗರಳಿಸಿ "ಆಹಾ" ಎಂದರು. "ಅಜ್ಜಿ, ದೊಡ್ಡಜ್ಜಿ ಮನೆ ಸ್ಟಾಪ್ ಇದು. ಇಳಿಯೋಣ. ಬಿಸಿ ಬೆಲ್ಲ ಕೊಡ್ತಾರೆ" ಎಂದು ನೀನು ನನ್ನ ಸೆರಗು ಎಳೆದೆ. ನಿನ್ನ ತಮ್ಮ ಚಿನ್ನುವೂ ಸೀಟಿನ ಮೇಲೆ ಎದ್ದು ನಿಂತ. ನಾನು ಗಾಜು ಎಳೆದು ಬಿಗಿ ಮಾಡಿದೆ. "ನಿಂಗೆ ದೊಡ್ಡಜ್ಜಿ ಕಂಡ್ರೆ ಆಗಲ್ಲ ಅಲ್ವಾ?" ಎಂದು ನೀನು ಬಸ್ಸಿಗೆಲ್ಲ ಕೇಳುವ ಹಾಗೆ ಕೇಳಿದೆ.

ಆಗುವುದಿಲ್ಲ, ನಿಜ. ಬಸ್ಸಿನಲ್ಲಿ ಹೇಳಲಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಊರಿನ ಶಾಲೆಯಲ್ಲಿ ಓದುವಾಗಲೂ ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುತ್ತಿದ್ದವಳು ನಾನು. ಬರೆಯುವುದಾದರೆ ಆದೀತು. ಇದು ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದ ವರ್ಷದ ಮಾತು. ಗೌರಿ ಹಬ್ಬದಿಂದ ಹಿಡಿದು ದೀಪಾವಳಿ ಕಳೆಯುವವರೆಗೆ. ಆ ವರ್ಷ ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಜಗಳ ಹೆಚ್ಚು ನಡೆಯಿತು. ಜಗಳ ಮಾಡಿದವಳು ನಾನೇ.

ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ನಿಮ್ಮಮ್ಮ ರೂಪಳನ್ನು ಕೆ.ಆರ್. ನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆರು ತಿಂಗಳು ತುಂಬುತ್ತಿತ್ತು. ಅವಳ ತವರು ಸರಗೂರಿನ ಆಚೆ. ತಾಯಿ ಇಲ್ಲ, ಅಪ್ಪ ಮತ್ತು ಅಣ್ಣ ಮಾತ್ರ. ಹಾಗಾಗಿ ಬಸಿರು ಬಾಣಂತನ ಎರಡೂ ನನ್ನ ಪಾಲಿಗೇ ಬಂದಿದ್ದವು. ಅಲ್ಲಿ ಅವಳಿಗೆ ಗ್ಲೂಕೋಸ್ ನೀರು ಕುಡಿಸಿ, ಬೆಂಚಿನ ಮೇಲೆ ಕೂರಿಸಿ, ಆಮೇಲೆ ರಕ್ತ ತೆಗೆದರು. ಡಾಕ್ಟರಮ್ಮ ನೋಡಿ, "ಶುಗರ್ ಬಂದಿದೆ. ಬಸುರಿಯರಲ್ಲಿ ಕೆಲವರಿಗೆ ಬರತ್ತೆ. ಹೆದರೋದು ಬೇಡ, ಆದ್ರೆ ಸುಮ್ನೆ ಬಿಡೋ ಹಾಗೂ ಇಲ್ಲ" ಎಂದರು. ಹೊಟ್ಟೆಯಲ್ಲಿ ಮಗು ಮಿತಿ ಮೀರಿ ದಪ್ಪ ಆದರೆ ಹೆರಿಗೆ ಕಷ್ಟ, ಹುಟ್ಟಿದ ಮೇಲೆ ಮಗುವಿಗೂ ತೊಂದರೆ ಎಂದು ಬಿಡಿಸಿ ಹೇಳಿದರು. ಊಟದಲ್ಲೇ ಹತೋಟಿಗೆ ಬಂದರೆ ಸರಿ, ಬಾರದಿದ್ದರೆ ಹೆರಿಗೆಯವರೆಗೆ ದಿನಾ ಇನ್ಸುಲಿನ್ ಸೂಜಿ. ಸೂಜಿ ಎಂದದ್ದೇ ತಡ, ರೂಪ ಅಳುವುದಕ್ಕೆ ಶುರು ಮಾಡಿದಳು.

"ಮನೇಲಿ ಅಡುಗೆ ಯಾರು ಮಾಡೋದು?" ಎಂದು ಡಾಕ್ಟರಮ್ಮ ಕೇಳಿದರು. ನಾನು ಕೈ ಎತ್ತಿದೆ, ಕ್ಲಾಸಿನಲ್ಲಿ ಎತ್ತುವ ಹಾಗೆ.

"ಹಾಗಾದ್ರೆ ನಿಮಗೇ ಹೇಳ್ತೀನಿ ಕೇಳಿ. ಈ ಹುಡುಗಿ ಕೈಲಿ ಏನೂ ಇಲ್ಲ. ಸಾಲಾಗಿ ಹಬ್ಬ ಬರ್ತಿದೆ. ಸಿಹಿ ಮನೆಯೊಳಗೇ ಬರಬಾರದು. ಅನ್ನ ಕಮ್ಮಿ ಮಾಡಿ, ಸೊಪ್ಪು ಕಾಳು ಜಾಸ್ತಿ ಹಾಕಿ. ಉಂಡ ಮೇಲೆ ಮಲಗೋಕೆ ಬಿಡಬೇಡಿ, ನಡೆಸಿ."

ನಾನು ತಲೆಯಾಡಿಸಿದೆ. ಆ ಕಾಯಿಲೆ ನನಗೆ ಹೊಸದಲ್ಲ. ನಿಮ್ಮ ತಾತ ಅದರಲ್ಲೇ ಹೋದರು.

ತಾತನನ್ನು ಮೊದಲ ಸಲ ನೋಡಿದ ಡಾಕ್ಟರೂ "ಸಕ್ಕರೆ ಮುಟ್ಟಬೇಡಿ" ಎಂದಿದ್ದರು. ತಾತ ಹೇಳಿದ ಮಾತು ಮೀರುವ ಮನುಷ್ಯರಲ್ಲ. ಅಂದಿನಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಲಿಲ್ಲ. ಹೋಟೆಲಿನಲ್ಲಿ "ನಂಗೆ ಸಕ್ರೆ ಆಗಕ್ಕಿಲ್ಲ ಕಣಪ್ಪ" ಎಂದು ಸಪ್ಪೆ ಟೀ ಕುಡಿದು, ಮನೆಗೆ ಬಂದು ಬೆಲ್ಲದ ಕಾಫಿ ಕುಡಿಯುತ್ತಿದ್ದರು. ನಮ್ಮ ಕಡೆ ಸಕ್ಕರೆಯೇ ಬೇರೆ, ಬೆಲ್ಲವೇ ಬೇರೆ. ಸಕ್ಕರೆ ಫ್ಯಾಕ್ಟರಿಯದು, ಅಂಗಡಿಯದು. ಬೆಲ್ಲ ನಮ್ಮ ಗದ್ದೆಯ ಕಬ್ಬಿನದು, ದೇವರಿಗಿಡುವುದು, ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಕೊಡುವುದು. ಕಾಯಿಲೆಯ ಹೆಸರೂ ಸಕ್ಕರೆ ಕಾಯಿಲೆ. ಬೆಲ್ಲದ ಕಾಯಿಲೆ ಎಂದು ಯಾರೂ ಕರೆದಿರಲಿಲ್ಲ.

ಆ ಬೆಲ್ಲ ಬರುತ್ತಿದ್ದದ್ದು ನೀವು ದೊಡ್ಡಜ್ಜಿ ಎನ್ನುವ ನಿಂಗಮ್ಮನ ಆಲೆಮನೆಯಿಂದ. ಅವರು ತಾತನ ಅಕ್ಕ, ನನಗೆ ಅತ್ತಿಗೆ. ತಮ್ಮ ಎಂದರೆ ಪ್ರಾಣ. ಹೊಸ ಬೆಲ್ಲ ಇಳಿದಾಗಲೆಲ್ಲ ಅಚ್ಚುಗಳನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ತಾತನ ಕಾಲಿನ ಬೆರಳು ತೆಗೆದ ದಿನ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಎದುರಿಗೆ ನಿಲ್ಲಿಸಿಕೊಂಡು, "ಬೆಲ್ಲ ಏನು, ಸಕ್ಕರೆ ಏನು, ಒಳಗೆ ಹೋದರೆ ಎರಡೂ ಒಂದೇ" ಎಂದು ಬೈದರು. ನಾನು ಅಂದೇ ಮನೆಯಲ್ಲಿದ್ದ ಬೆಲ್ಲ ತೆಗೆದು ಬೇರೆಯವರಿಗೆ ಕೊಟ್ಟುಬಿಟ್ಟೆ. ಅತ್ತಿಗೆ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ, "ಕೋಟು ಆಕೊಂಡೋನ್ಗೆ ಆಲೆಮನೆ ಇಸ್ಯ ಏನ್ ಗೊತ್ತು ಬುಡು" ಎಂದಿದ್ದರು. ಆಮೇಲೂ ಬೆಲ್ಲ ನಿಲ್ಲಲಿಲ್ಲ. ನನಗೆ ಕಾಣದ ಹಾಗೆ ತಮ್ಮನನ್ನು ಮನೆಗೆ ಕರೆಸಿಕೊಂಡು ಉಣ್ಣಿಸಿದರು. ಬೆರಳಿನ ಹುಣ್ಣು ಪಾದಕ್ಕೆ ಬಂತು, ಪಾದದಿಂದ ಮೇಲೆ ಹತ್ತಿತು. ತಾತ ಉಳಿಯಲಿಲ್ಲ.

ಅದಕ್ಕೇ ಆ ಸಲ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಗೌರಿ ಹಬ್ಬಕ್ಕೆ ಹೋಳಿಗೆ ಇಲ್ಲ, ಗಣೇಶನಿಗೆ ಖಾರದ ಕಡುಬು ಮಾತ್ರ. ನಿಮ್ಮಪ್ಪ ಲೋಕೇಶ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದವನು ಪಾತ್ರೆ ಮುಚ್ಚಳ ತೆಗೆದು ನೋಡಿ, "ಇದೇನಮ್ಮ, ಗಣೇಸಂಗೂ ಸುಗರ್ರಾ?" ಎಂದ. ರೂಪ ನಗಲಿಲ್ಲ. ಅವಳಿಗೆ ಅಂಗೈಯಗಲ ಮುದ್ದೆ, ಹುರುಳಿ ಮೊಳಕೆ ಸಾರು, ಬೇಯಿಸಿದ ಮೊಟ್ಟೆ, ಸೊಪ್ಪಿನ ಬಸ್ಸಾರು. ಬೆಳಿಗ್ಗೆ ಮಜ್ಜಿಗೆ. ಮಧ್ಯೆ ಹಸಿವಾದರೆ ಸೌತೆಕಾಯಿ, ಹುರಿದ ಕಡಲೆಕಾಯಿ. ತಟ್ಟೆ ಇಟ್ಟರೆ ಅವಳು ನನ್ನ ಮುಖ ನೋಡದೆ ಉಣ್ಣುತ್ತಿದ್ದಳು. ಅಮ್ಮ ಇಲ್ಲದ ಹುಡುಗಿ, ಬಸುರಿ, ಬಯಕೆಯ ಕಾಲ. ಅವಳಿಗೆ ನಾನು ಹೇಗೆ ಕಂಡಿರಬಹುದು ಎಂದು ಗೊತ್ತು. ಕಂಡರೆ ಕಾಣಲಿ ಎಂದುಕೊಂಡೆ.

ಮತ್ತೆ ಆಸ್ಪತ್ರೆಗೆ ಹೋದೆವು. ಶುಗರ್ ಇಳಿದಿರಲಿಲ್ಲ, ಏರಿತ್ತು. ಡಾಕ್ಟರಮ್ಮ ನನ್ನ ಕಡೆಗೇ ತಿರುಗಿ, "ಏನಮ್ಮಾ, ಹಬ್ಬ ಜೋರಾಗೇ ಮಾಡಿದ ಹಾಗಿದೆ?" ಎಂದರು. ನನಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆ ಆಯಿತು. "ಸಕ್ಕರೆ ಕಣ್ಣಲ್ಲೂ ನೋಡಿಲ್ಲ ಮೇಡಂ. ಬೇಕಾದ್ರೆ ಆಣೆ ಇಡ್ತೀನಿ" ಎಂದು ರೂಪ ಹೇಳಿದಳು. ಅವಳು ಸುಳ್ಳು ಹೇಳುವವಳಲ್ಲ. ಇನ್ನೊಂದು ಸಲ ನೋಡುತ್ತೇನೆ, ಆಮೇಲೆ ಸೂಜಿಯೇ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಬಸ್ಸಿನಲ್ಲಿ ಬರುವಾಗ ರೂಪ ಆಯಾಸಕ್ಕೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಅವಳ ಉಸಿರಿನಲ್ಲಿ ಆಲೆಮನೆಯ ವಾಸನೆ ಇತ್ತು.

ನನಗೆ ಒಮ್ಮೆಲೇ ತಾತನ ಪಕ್ಕ ಕೂತ ಹಾಗಾಯಿತು. ಅವರ ಬಾಯಿಯದೂ ಇದೇ ವಾಸನೆ. ಊರು ಬರುವವರೆಗೆ ಅವಳನ್ನು ಎಬ್ಬಿಸಲಿಲ್ಲ. ಇಳಿದು ಮನೆ ಬಾಗಿಲು ಹಾಕಿದ ಮೇಲೆ ಕೇಳಿದೆ. "ಬೆಲ್ಲ ತಿಂದ್ಯಾ?"

"ಊ ಅತ್ತೆ," ಎಂದಳು, ಏನೂ ಮುಚ್ಚಿಡದೆ. "ಬೆಲ್ಲ ತಾನೆ. ಸಕ್ರೆ ಅಲ್ವಲ್ಲ."

"ಯಾರ್ ಕೊಟ್ಟಿದ್ದು?"

"ದೊಡ್ಡತ್ತೆ. ನೀವು ಇಸ್ಕೂಲ್ಗೆ ಓದ್ಮೇಲೆ ಬತ್ತಾರೆ. ಡಾಕ್ಟ್ರು ಬ್ಯಾಡ ಅಂದಿರದು ಸಕ್ರೆಯ, ಬೆಲ್ಲ ತಿಂದ್ರೆ ಮಗೀಗೆ ರಕ್ತ ಆಯ್ತದೆ ಅಂದ್ರು."

ನಾನು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಹೊತ್ತಿಗೆ ಸರಿಯಾಗಿ ಅತ್ತಿಗೆ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರಂತೆ. ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಣಿ, ಕಜ್ಜಾಯ, ಸುಮ್ಮನೆ ಕಚ್ಚಿಕೊಂಡು ತಿನ್ನಲು ಒಂದು ಚೂರು ಅಚ್ಚು. ನಾನು ವಾಪಸ್ಸು ಬರುವಷ್ಟರಲ್ಲಿ ಹೊರಟುಬಿಡುತ್ತಿದ್ದರಂತೆ. ನಾನು ರೂಪಳಿಗೆ ತಾತನ ಕಾಲಿನ ಕಥೆಯನ್ನೆಲ್ಲ ಹೇಳಿದೆ. ಅವಳು ಹೆದರಿದಳು, ಆದರೆ ನನ್ನನ್ನು ನಂಬಿದಳು ಎಂದು ಹೇಳಲಾರೆ. ಅತ್ತೆ ಒಂದು ಹೇಳುತ್ತಾಳೆ, ದೊಡ್ಡತ್ತೆ ಒಂದು ಹೇಳುತ್ತಾಳೆ. ಒಬ್ಬಳು ಕಿತ್ತುಕೊಳ್ಳುತ್ತಾಳೆ, ಇನ್ನೊಬ್ಬಳು ಕೊಡುತ್ತಾಳೆ. ಯಾರ ಕಡೆ ಮನಸ್ಸು ವಾಲುತ್ತದೆ, ನೀವೇ ಹೇಳಿ.

ಮಾರನೆಯ ದಿನ ಶಾಲೆಯಲ್ಲಿ ಜೊತೆಯವಳಿಗೆ ಒಲೆ ಒಪ್ಪಿಸಿ ಬೇಗ ಬಂದೆ. ಅತ್ತಿಗೆ ನಮ್ಮ ಜಗಲಿಯಲ್ಲೇ ಕಾಲು ಚಾಚಿ ಕೂತಿದ್ದರು, ಪಕ್ಕದಲ್ಲಿ ಡಬ್ಬಿ.

"ಅತ್ಗೆ, ಅವ್ಳಿಗೆ ಬೆಲ್ಲ ಕೊಡ್ಬೇಡಿ" ಎಂದೆ.

"ಯಾಕಮ್ಮಿ? ನಮ್ಮನೆ ಬೆಲ್ಲಕ್ಕೆ ಏನು ಇಸ ಅಚ್ಚಿದ್ದೀವಾ?"

"ಡಾಕ್ಟ್ರು..."

"ಡಾಕ್ಟ್ರು ಸಕ್ರೆ ಬ್ಯಾಡ ಅಂದವ್ರೆ. ಸಕ್ರೆ ನಾ ತಂದಿದ್ದೀನಾ? ತಗ್ದು ನೋಡು ಡಬ್ಬಿಯ. ತಾಯಿಲ್ದ ಮಗ. ಬಾಯಾಡ್ಸಕ್ಕೆ ಒಂದ್ ಚೂರ್ ಬೆಲ್ಲ ಕೊಡಕ್ಕೂ ನಿಂಗೆ ಕೈ ಬರಕ್ಕಿಲ್ಲ, ಕೊಡೋರ್ಗೂ ಅಡ್ಡ ಬತ್ತೀಯ. ನನ್ ತಮ್ಮಂಗೂ ಇಂಗೇ ವಟ್ಟೆ ಕಟ್ಸಿ ಕಟ್ಸಿ ಸಾಯ್ಸ್ದೆ."

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಅವರು ಹೋಗುವಾಗ "ಮಾರ್ಲಮಿಗೆ ಬತ್ತೀನಿ" ಎಂದು ಕೂಗಿ ಹೇಳಿ ಹೋದರು.

ಮಾರ್ಲಮಿ ಎಂದರೆ ಪಿತೃಪಕ್ಷದ ಕೊನೆಯ ಅಮಾವಾಸ್ಯೆ. ಸತ್ತವರಿಗೆ ಎಡೆ ಇಡುವ ಹಬ್ಬ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವಲ್ಲ, ನೀವಿಬ್ಬರೂ ಪ್ರತಿ ವರ್ಷ ಬಾಗಿಲ ಸಂದಿಯಲ್ಲಿ ಇಣುಕುತ್ತೀರಿ. ಆ ವರ್ಷ ನಾನು ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಸೊಪ್ಪಿನ ಪಲ್ಯ ಮಾಡಿದ್ದೆ. ತಾತ ಸೇದುತ್ತಿದ್ದ ಬೀಡಿಯ ಕಟ್ಟೂ ಇತ್ತು. ಅತ್ತಿಗೆ ದೊಡ್ಡ ಸ್ಟೀಲ್ ಡಬ್ಬಿ ಹೊತ್ತು ಬಂದರು. ಕಜ್ಜಾಯ, ಬೇಳೆ ಹೋಳಿಗೆ, ಬೆಲ್ಲದ ಪಾಯಸ. ಅಡುಗೆಮನೆಗೆ ಬರದೆ ನೇರವಾಗಿ ಎಡೆಯ ಮುಂದೆ ಕೂತು ತಾವೇ ಬಡಿಸಿದರು. ನನ್ನ ಮುದ್ದೆ ಸಾರನ್ನು ಎಲೆಯ ಅಂಚಿಗೆ ಸರಿಸಿದರು. ಮನೆ ಹೆಣ್ಣುಮಗಳು, ಅದೂ ದೊಡ್ಡವರು. ನೆಂಟರೆಲ್ಲ ಬಂದಿದ್ದರು. ಸತ್ತವರಿಗೆ ತಾನೆ ಬಡಿಸಿದ್ದು, ಬಡಿಸಿಕೊಳ್ಳಲಿ ಎಂದುಕೊಂಡೆ.

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಮತ್ತೆ ಬಾಗಿಲು ತೆಗೆದು, ಕಾಗೆಗೆ ಎತ್ತಿಟ್ಟ ಮೇಲೆ ಅತ್ತಿಗೆ ಎಲೆಯನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು ರೂಪಳ ಮುಂದೆ ಬಂದು ಕೂತರು.

"ಬಾಯಿ ತಗಿ ಮಗ. ಮೊದಲ್ನೇ ತುತ್ತು ನಿಂದು. ನಿಮ್ಮಾವ ಉಂಡಿರೋ ಎಡೆ ಇದು. ಇದ ನೀ ಉಂಡ್ರೆ ಅವ್ನೇ ನಿನ್ ವಟ್ಟೇಲಿ ಉಟ್ಟಿ ಬತ್ತಾನೆ. ನನ್ ತಮ್ಮ ಬತ್ತಾನೆ ಕಣ್ ಮಗ."

ನೆಂಟರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಲೋಕೇಶ ಕೈ ಮುಗಿದು ನಿಂತಿದ್ದ. ಅತ್ತಿಗೆಯ ಕೈಯಲ್ಲಿ ಪಾಯಸದಲ್ಲಿ ಅದ್ದಿದ ಹೋಳಿಗೆಯ ತುಂಡು. ಎಡೆಯನ್ನು ಬೇಡ ಎಂದರೆ ಸತ್ತವರಿಗೆ ಬೇಡ ಎಂದ ಹಾಗೆ. ಅಲ್ಲಿದ್ದವರಿಗೆಲ್ಲ ಅದು ಗೊತ್ತು, ಅತ್ತಿಗೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ರೂಪ ನನ್ನ ಕಡೆ ನೋಡಿದಳು. ಬಾಯಿ ಅರ್ಧ ತೆರೆದಿತ್ತು.

ನಾನು ಅಡುಗೆಮನೆ ಬಾಗಿಲ ಮರೆಯಿಂದ ಹೊರಗೆ ಬಂದೆ. ಹೇಗೆ ಬಂದೆ ಎಂದು ಈಗ ಕೇಳಿದರೆ ಗೊತ್ತಿಲ್ಲ. ಅತ್ತಿಗೆಯ ಕೈಯಿಂದ ಎಲೆ ತೆಗೆದುಕೊಂಡೆ. ಹೋಳಿಗೆ, ಕಜ್ಜಾಯ, ಪಾಯಸದ ದೊನ್ನೆ, ಒಂದೊಂದನ್ನೇ ಎತ್ತಿ ಸೆರಗಿಗೆ ಹಾಕಿಕೊಂಡೆ. ಸೀರೆಯೆಲ್ಲ ಪಾಯಸ ಆಯಿತು. ಉಳಿದ ಎಲೆಯನ್ನು ರೂಪಳ ಮುಂದೆ ನೆಲದ ಮೇಲೆ ಇಟ್ಟೆ.

"ಇದ ಉಣ್ಣು. ಮುದ್ದೆ, ಸಾರು, ಮೊಟ್ಟೆ. ಇದೂ ಅವ್ರದೇ ಎಡೆ."

ಹಿತ್ತಲಿಗೆ ಹೋಗಿ ಸೆರಗಿನಲ್ಲಿದ್ದದ್ದನ್ನು ಹಸುವಿನ ಬಾನಿಗೆ ಸುರಿದೆ. ಹಸು ಮೂತಿ ಮುಳುಗಿಸಿ ಸದ್ದು ಮಾಡಿಕೊಂಡು ತಿಂದಿತು. ಒಳಗಿನಿಂದ ಅತ್ತಿಗೆ ಕೂಗುತ್ತಿದ್ದರು. "ನೋಡ್ರಪ್ಪಾ, ಗಂಡನ್ ಎಡೆಯ ದನಕ್ಕಾಕ್ತಾವ್ಳೆ! ಇವ್ಳೂ ಒಂದ್ ಎಂಗ್ಸಾ?"

ನಾನು ತಿರುಗಿ ಬಂದು ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಅವ್ರ ಕಾಲ ತಿಂದಿದ್ದು ಇದೇ ಬೆಲ್ಲ ಅತ್ಗೆ. ಡಾಕ್ಟ್ರು ನಿಮ್ಮೆದ್ರಿಗೇ ಏಳಿದ್ರು. ಆಮೇಲೂ ಕದ್ದು ಕೊಟ್ರಿ. ಒಂದ್ ಜೀವ ಓಯ್ತು. ಇನ್ನೊಂದ್ ಜೀವ ನಾ ಕೊಡಕ್ಕಿಲ್ಲ."

ರೂಪ ಆ ಎಲೆಯಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅತ್ತಿಗೆ ಖಾಲಿ ಡಬ್ಬಿ ಎತ್ತಿಕೊಂಡು, ಉಣ್ಣದೆ, ನೀರೂ ಕುಡಿಯದೆ ಹೊರಟುಹೋದರು. ಮಾರ್ಲಮಿಯ ದಿನ ಮನೆ ಹೆಣ್ಣುಮಗಳು ಉಪವಾಸ ಹೋದಳು ಎಂಬ ಮಾತು ಊರಿಗೆಲ್ಲ ಹಬ್ಬಲು ಹೊತ್ತಾಗಲಿಲ್ಲ.

ಲೋಕೇಶ ಆಮೇಲೆ ಬಹಳ ದಿನ ನನ್ನೊಡನೆ ಮಾತು ಬಿಟ್ಟ. ಬಿಡುವ ಮೊದಲು ಒಂದೇ ಮಾತು ಹೇಳಿದ್ದ. "ನಮ್ಮಪ್ಪನ ಅಬ್ಬ ಕಣಮ್ಮ ಅದು. ನಿನ್ನೊಬ್ಳ ಗಂಡ ಅಲ್ಲ ಅವ್ರು." ನಲ್ಲಿಯ ಹತ್ತಿರ ಹೆಂಗಸರು ನಾನು ಬಂದರೆ ದನಿ ತಗ್ಗಿಸುತ್ತಿದ್ದರು, ಆದರೆ ನನಗೆ ಕೇಳಿಸದಷ್ಟು ತಗ್ಗಿಸುತ್ತಿರಲಿಲ್ಲ. ಬಸುರಿ ಸೊಸೆಗೆ ಅನ್ನ ಹಾಕದ ಅತ್ತೆ. ತನ್ನ ಬಾಳಲ್ಲಿ ಸಿಹಿ ಇಲ್ಲ, ಇನ್ನೊಬ್ಬರ ಬಾಯಲ್ಲೂ ಸಿಹಿ ನೋಡಲಾರಳು. ಗಂಡ ಸತ್ತವಳ ಹೊಟ್ಟೆಕಿಚ್ಚು. ಬಿಂದಿಗೆ ತುಂಬುವವರೆಗೆ ಕೇಳಿಸಿಕೊಂಡು ಬರುತ್ತಿದ್ದೆ. ಆ ಮಾತು ಆಡಿದವರ ಮನೆಯ ಸೀಗೆಪುಡಿ ಕೂಡ ನಾನು ಇವತ್ತಿಗೂ ಎರವಲು ತರುವುದಿಲ್ಲ.

ಆಮೇಲೆ ದಸರಾ ರಜೆ ಬಂತು. ಶಾಲೆ ಮುಚ್ಚಿತು. ನನಗೆ ಅದೇ ಬೇಕಾಗಿತ್ತು. ಹಗಲೆಲ್ಲ ಮನೆಯಲ್ಲೇ ಇದ್ದು ಬಾಗಿಲು ಕಾಯ್ದೆ. ಆಯುಧ ಪೂಜೆಯ ದಿನ ಲೋಕೇಶನಿಗೆ ಬಂದ ಸ್ವೀಟ್ ಬಾಕ್ಸುಗಳನ್ನು ಹೊಸ್ತಿಲ ಹೊರಗೇ ಇಸಿದುಕೊಂಡು ಬೀದಿಯ ಮಕ್ಕಳಿಗೆ ಹಂಚಿದೆ. ಪಕ್ಕದ ಮನೆಯವರು ಕೊಟ್ಟ ಒಬ್ಬಟ್ಟನ್ನು ಎದುರು ಮನೆಗೆ ಕೊಟ್ಟೆ. ಎದುರು ಮನೆಯ ರವೆ ಉಂಡೆಯನ್ನು ಪಕ್ಕದ ಮನೆಗೆ. ಅವಳ ಎದುರು ತಿನ್ನಬಾರದೆಂದು ನಾನೂ ಸಿಹಿ ಬಿಟ್ಟೆ. ಲೋಕೇಶನಿಗೆ, "ತಿನ್ನಂಗಿದ್ರೆ ಬಸ್‌ಸ್ಟ್ಯಾಂಡಲ್ಲೇ ತಿಂದು, ಬಾಯಿ ಮುಕ್ಕಳ್ಸ್ಕೊಂಡು ಬಾ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಅವನು ಗೋಡೆ ಕೇಳಿಸಿಕೊಂಡ ಹಾಗೆ ಕೇಳಿಸಿಕೊಂಡ.

ಉಂಡ ಕೂಡಲೇ ರೂಪಳನ್ನು ಎಬ್ಬಿಸಿ ನಾಲೆ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದೆ. ನಾಲೆ ತುಂಬಿ ಹರಿಯುತ್ತಿತ್ತು, ಗದ್ದೆಯಲ್ಲಿ ಭತ್ತ ಹಾಲುಗಟ್ಟುತ್ತಿತ್ತು. ಮಳೆ ಬಂದ ದಿನ ಕೆಸರು, ಬಾರದ ದಿನ ಬಿಸಿಲು. ಅವಳು ಒಂದೊಂದು ಹೆಜ್ಜೆಗೂ ಬೈದುಕೊಂಡು ಬರುತ್ತಿದ್ದಳು.

"ಎತ್ತ ನಡ್ಸ್‌ದಂಗೆ ನಡ್ಸ್ತೀರಲ್ಲ ಅತ್ತೆ. ಟೀವಿಲಿ ಜಂಬೂ ಸವಾರಿ ತೋರಿಸ್ತಾವ್ರೆ, ಆನೆನೂ ಇಷ್ಟು ನಡಿಯಕ್ಕಿಲ್ಲ."

"ಆನೆಗೆ ಸುಗರ್ ಇಲ್ಲ. ನಡಿ."

"ಕಂಡೋರ ಮನೆ ಎಣ್ಣು ಅಂತ ತಾನೆ ಇಂಗೆ ಮಾಡೋದು?"

"ಊ. ಅದ್ಕೇ. ನಡಿ."

ಅವಳು ಅತ್ತರೂ ನಾನು ಸಮಾಧಾನ ಮಾಡಲಿಲ್ಲ. ಒಂದು ಸಲ ಕರಗಿದರೆ ಮತ್ತೆ ಗಟ್ಟಿಯಾಗುವುದಿಲ್ಲ ಎಂದು ನನಗೆ ನನ್ನ ಮೇಲೇ ಭಯ ಇತ್ತು. ಏರಿಯ ಕೊನೆಯ ತೂಬಿನ ಹತ್ತಿರ ಅವಳು ಕಟ್ಟೆಯ ಮೇಲೆ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ನೀನು ಒದೆಯುತ್ತಿದ್ದೆ. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟುಕೊಳ್ಳಲಿ ಎಂದು ನನಗೆ ಆಸೆ ಇತ್ತು. ಅವಳು ಕರೆಯಲಿಲ್ಲ, ನಾನು ಕೇಳಲಿಲ್ಲ.

ದಸರಾ ಮುಗಿದು ದೀಪಾವಳಿ ಬರುವುದರೊಳಗೆ ಸೀಮಂತ ಇಟ್ಟುಕೊಂಡೆವು. ಮಡಿಲು ತುಂಬುವವರು ಮುತ್ತೈದೆಯರೇ ಆಗಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬಹುದು, ಅಷ್ಟೆ. ಮನೆಯ ದೊಡ್ಡ ಮುತ್ತೈದೆ ಎಂದರೆ ಅತ್ತಿಗೆಯೇ. ಲೋಕೇಶ ಹೋಗಿ ಕಾಲಿಗೆ ಬಿದ್ದು ಕರೆದುಕೊಂಡು ಬಂದ. ರೇಷ್ಮೆ ಸೀರೆ ಉಟ್ಟು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಅವರು ಒಳಗೆ ಬಂದರು. ರೂಪಳಿಗೆ ಹಸಿರು ಸೀರೆ, ಹಸಿರು ಬಳೆ. ಅತ್ತಿಗೆ ಅವಳ ಮಡಿಲಿಗೆ ಅಕ್ಕಿ ಹಾಕಿದರು, ಕೊಬ್ಬರಿ ಬಟ್ಟಲು ಹಾಕಿದರು, ತಮ್ಮ ಆಲೆಮನೆಯ ಅಚ್ಚುಬೆಲ್ಲಗಳನ್ನು ಹಾಕಿದರು. ಆಮೇಲೆ ಒಂದು ಅಚ್ಚನ್ನು ಮುರಿದು, ನನ್ನ ಕಡೆ ನೋಡಿ, ತುಂಡನ್ನು ಅವಳ ತುಟಿಯ ಹತ್ತಿರ ಹಿಡಿದರು.

"ಮುತ್ತೈದೆ ಕೈದು. ಇದಕ್ಕೆ ಯಾರ್ ಅಡ್ಡ ಬತ್ತಾರೆ ನೋಡೇಬುಡ್ತೀನಿ."

ನಾನು ಬಾಗಿಲ ಕಟ್ಟು ಹಿಡಿದುಕೊಂಡೆ. ಮುತ್ತೈದೆಯರು ಕೂತ ಜಾಗಕ್ಕೆ ನಾನು ಕಾಲಿಡುವ ಹಾಗಿರಲಿಲ್ಲ. ಅದನ್ನು ನೋಡಿಕೊಂಡೇ ಅವರು ಹಾಗೆ ಮಾಡಿದ್ದು.

ರೂಪ ಮುಖ ಹಿಂದಕ್ಕೆಳೆದು, ಮಡಿಲನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದಳು.

"ಮಡ್ಲಿಗಾಕಿ ದೊಡ್ಡತ್ತೆ. ಬಾಯಿಗ್ ಬ್ಯಾಡ."

ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅತ್ತಿಗೆಯ ಕೈ ಅಲ್ಲೇ ನಿಂತಿತು.

"ನಿಮ್ಮತ್ತೆ ಏಳ್ಕೊಟ್ಟವ್ಳಾ ಇದ?"

"ಇಲ್ಲ ದೊಡ್ಡತ್ತೆ. ಅವ್ರಿಗಿಂತ ನಂಗೆ ಸೂಜಿ ಕಂಡ್ರೆ ಭಯ."

ಅತ್ತಿಗೆ ತುಂಡನ್ನು ಮಡಿಲಿಗೆ ಹಾಕಿ ಎದ್ದರು. ರೂಪ ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳಲಿಲ್ಲ ಎಂದು ನನಗೆ ಗೊತ್ತು. ಇವತ್ತು ಅವಳನ್ನೇ ಕೇಳಿ, ನಗುತ್ತಾಳೆ. ನನಗೆ ಪ್ರೀತಿ ಬೇಕಾಗಿರಲಿಲ್ಲ, ಅವಳ ಬಾಯಿ ಮುಚ್ಚಿದ್ದರೆ ಸಾಕಾಗಿತ್ತು.

ದೀಪಾವಳಿಗೆ ಮುಂಚೆ ಆಸ್ಪತ್ರೆಗೆ ಹೋದಾಗ ಶುಗರ್ ಹತೋಟಿಗೆ ಬಂದಿತ್ತು. ಸೂಜಿ ಬೇಕಿಲ್ಲ ಎಂದರು. ಡಾಕ್ಟರಮ್ಮ ಚೀಟಿಯಿಂದ ತಲೆ ಎತ್ತಿ, "ಏನಮ್ಮಾ ಮಾಡಿದ್ರಿ? ಹಬ್ಬದ ಕಾಲದಲ್ಲಿ ಎಲ್ಲರಿಗೂ ಏರತ್ತೆ, ನಿಮ್ಮ ಸೊಸೆಗೆ ಇಳಿದಿದೆ" ಎಂದು ಕೇಳಿದರು.

"ಜಗಳ ಆಡ್ದೆ ಮೇಡಂ" ಎಂದೆ.

ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ನೀನು ಹುಟ್ಟಿದೆ. ದಪ್ಪ ಇರಲಿಲ್ಲ, ಸಣ್ಣ ಇರಲಿಲ್ಲ, ಅಳತೆಗೆ ಸರಿಯಾಗಿದ್ದೆ. ಅತ್ತಿಗೆ ಆಸ್ಪತ್ರೆಗೆ ಬಂದರು. ತೊಟ್ಟಿಲಿಗೆ ಬಗ್ಗಿ ನೋಡಿದರು. "ಎಣ್ಣಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನ್ ತಮ್ಮ ಬರ್ಬೇಕಾಗಿತ್ತು. ಎಡೆಯ ಉಣ್ಣಾಕ್ ಬುಡ್ಲಿಲ್ಲ ನೀನು" ಎಂದರು. ಹಾಗೆನ್ನುತ್ತಲೇ ಸೊಂಟದಿಂದ ಒಂದು ಚೂರು ಬೆಲ್ಲ ತೆಗೆದು, ಬೆರಳಿಗೆ ಉಜ್ಜಿಕೊಂಡು, ನಿನ್ನ ನಾಲಿಗೆಗೆ ಮುಟ್ಟಿಸಲು ಕೈ ಚಾಚಿದರು. ನಾನು ಅವರ ಮಣಿಕಟ್ಟು ಹಿಡಿದೆ. ಬಳೆ ಒಂದು ಒಡೆದು ನೆಲಕ್ಕೆ ಬಿತ್ತು. ನಾನು ಬಿಡಲಿಲ್ಲ. ಅವರೇ ಕೈ ಹಿಂದಕ್ಕೆಳೆದುಕೊಂಡರು. ಹಾಸಿಗೆಯ ಮೇಲಿದ್ದ ರೂಪ, "ಅತ್ತೆ, ಮಗೀನ ನಂಗೆ ಕೊಡಿ" ಎಂದಳು. ನಾನು ನಿನ್ನನ್ನು ಎತ್ತಿ ಅವಳ ಪಕ್ಕ ಮಲಗಿಸಿದೆ. ಆಮೇಲೆ ಅತ್ತಿಗೆ ಯಾವಾಗ ಹೊರಟರೋ ನಾನು ನೋಡಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಮಾತನಾಡಿಲ್ಲ. ನಿಮ್ಮಪ್ಪ ಹೋಗಿ ಬರುತ್ತಾನೆ, ನಿಮ್ಮನ್ನೂ ಕರೆದುಕೊಂಡು ಹೋಗುತ್ತಾನೆ, ಬೇಡ ಎಂದು ನಾನು ಹೇಳುವುದಿಲ್ಲ. ನಿಮಗೆ ಅವರು ದೊಡ್ಡಜ್ಜಿ. ಬಿಸಿ ಬೆಲ್ಲ ಕೊಟ್ಟರೆ ಒಂದು ಚೂರು ತಿನ್ನಿ, ಎರಡು ಬೇಡ. ಚಿನ್ನು ಹೊಟ್ಟೆಯಲ್ಲಿದ್ದಾಗಲೂ ನಿಮ್ಮಮ್ಮನಿಗೆ ಶುಗರ್ ಬಂದಿತ್ತು. ಆ ಸಲ ನಾನು ಏನೂ ಹೇಳಬೇಕಾಗಲಿಲ್ಲ. ಉಂಡು ಕೈ ತೊಳೆದವಳೇ ಚಪ್ಪಲಿ ಮೆಟ್ಟಿ, "ಏಳಿ ಅತ್ತೆ, ಏರಿ ಮೇಲೆ ಓಗನ" ಎಂದು ಅವಳೇ ನನ್ನನ್ನು ಎಬ್ಬಿಸುತ್ತಿದ್ದಳು. ಅತ್ತಿಗೆಯನ್ನು ಕ್ಷಮಿಸು ಎಂದು ಬೀದಿಯವರು ಹೇಳುತ್ತಾರೆ. ವಯಸ್ಸಾಯಿತು, ಪ್ರೀತಿಗೆ ಮಾಡಿದ್ದು ಎನ್ನುತ್ತಾರೆ. ಪ್ರೀತಿಗೇ ಮಾಡಿದ್ದು, ನನಗೂ ಗೊತ್ತು. ಆ ಪ್ರೀತಿ ಉಂಡವರನ್ನು ಮಣ್ಣಿಗೆ ಕಳಿಸಿಕೊಟ್ಟವಳು ನಾನು. ನನ್ನಿಂದ ಆಗುವುದಿಲ್ಲ.

ಹೋದ ಮಾರ್ಲಮಿಗೆ ನಾನು ಎಡೆ ಬಡಿಸುವಾಗ, ಹರ್ಷಿ, ನೀನು ಪಕ್ಕದಲ್ಲಿ ಕೂತು ಎಲೆಯನ್ನೇ ನೋಡುತ್ತಿದ್ದೆ. ಮುದ್ದೆ, ಕೋಳಿ ಸಾರು, ಮೊಟ್ಟೆ, ಸೊಪ್ಪು, ಸಪ್ಪೆ ಟೀ ಒಂದು ಲೋಟ, ಬೀಡಿ ಕಟ್ಟು. ಬೇರೆಯವರ ಮನೆ ಎಡೆಯಲ್ಲಿ ಕಜ್ಜಾಯ, ಲಾಡು ಎಲ್ಲ ಇರುತ್ತದೆ, ನಮ್ಮ ತಾತನಿಗೆ ಮಾತ್ರ ಯಾಕೆ ಸ್ವೀಟ್ ಇಲ್ಲ ಎಂದು ಕೇಳಿದೆ. ಕೆಲಸದ ಗಡಿಬಿಡಿಯಲ್ಲಿ ನಾನು ಉತ್ತರ ಕೊಡಲಿಲ್ಲ.

ತಾತನಿಗೆ ಸಕ್ಕರೆ ಕಾಯಿಲೆ ಮಗ. ಅವರು ಯಾವಾಗ ಬಂದರೂ ನಮ್ಮ ಮನೆಯಲ್ಲಿ ಇಷ್ಟೇ ಉಣ್ಣಬೇಕು.